ಪಾರ್ಕಿನ್ಸನ್ ಸಂಶೋಧನೆಯಲ್ಲಿ ರೋಗಿಗಳ ಸಹಭಾಗಿತ್ವ ಮತ್ತು ಅವರ ಆರೋಗ್ಯ ಮಾಹಿತಿ

ಪಾರ್ಕಿನ್ಸನ್ ಕಾಯಿಲೆ ಇರುವವರು ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರು ಆ ಕಾಯಿಲೆಯ ಸಂಶೋಧನೆಯಲ್ಲಿ ಪಾಲುದಾರರಾಗುವ ಕ್ರಮಕ್ಕೆ ರೋಗಿ ಸಹಭಾಗಿತ್ವ ಎನ್ನುತ್ತಾರೆ. ಯಾವ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು ಎಂದು ಹೇಳುವುದು, ಅಧ್ಯಯನವನ್ನು ರೂಪಿಸಲು ನೆರವಾಗುವುದು, ತಮ್ಮ ದೇಹದ ಮತ್ತು ದಿನಚರಿಯ ಮಾಹಿತಿ ಕೊಡುವುದು, ಬಂದ ಫಲಿತಾಂಶವನ್ನು ಅರ್ಥಮಾಡಿಕೊಳ್ಳುವುದು, ಇವೆಲ್ಲ ಅದರ ಅಂಗಗಳು. ಆರೋಗ್ಯ ಮಾಹಿತಿ ಎಂಬ ಮಾತಿನ ವ್ಯಾಪ್ತಿಯೂ ದೊಡ್ಡದು. ವೈದ್ಯರ ಕಡತ, ರಕ್ತ ಮತ್ತು ಬೆನ್ನುಹುರಿ ದ್ರವದ ಪರೀಕ್ಷೆ, ವಂಶವಾಹಿಯ ವಿವರ, ಮಿದುಳಿನ ಸ್ಕ್ಯಾನ್, ಕೈಗಡಿಯಾರದಂಥ ಉಪಕರಣ ದಾಖಲಿಸಿದ ಚಲನೆ, ರೋಗಿ ತಾನೇ ಬರೆದಿಟ್ಟ ಟಿಪ್ಪಣಿ, ಮರಣಾನಂತರ ದಾನವಾಗಿ ಬಂದ ಮಿದುಳು ಎಲ್ಲವೂ ಅದರಲ್ಲಿ ಸೇರುತ್ತವೆ. ಕಳೆದ ಮೂರು ದಶಕಗಳಲ್ಲಿ ಪಾರ್ಕಿನ್ಸನ್ ಬಗ್ಗೆ ತಿಳಿದುಬಂದ ಮುಖ್ಯ ಸಂಗತಿಗಳ ಹಿಂದೆ ಸಾವಿರಾರು ರೋಗಿಗಳು ಒಪ್ಪಿ ಕೊಟ್ಟ ಮಾಹಿತಿ ಇದೆ. ಕೊಟ್ಟವರಿಗೆ ಅದರ ಮೇಲೆ ಎಷ್ಟು ಹಕ್ಕಿದೆ ಎಂಬ ಪ್ರಶ್ನೆಯೂ ಅದರೊಂದಿಗೇ ಬೆಳೆದುಬಂದಿದೆ.

ಕಾಯಿಲೆಯ ಸ್ವರೂಪ

ಮಿದುಳಿನ ನಡುಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಬಣ್ಣದ ಒಂದು ಪಟ್ಟಿ ಇದೆ. ಅಲ್ಲಿಯ ನರಕೋಶಗಳು ತಯಾರಿಸುವ ಡೋಪಮಿನ್ ಎಂಬ ರಾಸಾಯನಿಕ ದೇಹದ ಚಲನೆಯನ್ನು ಹದವಾಗಿಡುತ್ತದೆ. ಈ ಕೋಶಗಳು ಸಾಯುತ್ತ ಹೋದಂತೆ ಚಲನೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಅನೇಕರಿಗೆ ಕೈ ನಡುಗುತ್ತದೆ, ಕ್ರಮೇಣ ಸಮತೋಲನ ತಪ್ಪುತ್ತದೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಮುಂತಾದ ಲಕ್ಷಣಗಳು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು.

ಪಾರ್ಕಿನ್ಸನ್ ಗಂಟೆಗಂಟೆಗೆ ಬದಲಾಗುವ ಕಾಯಿಲೆ. ಚಿಕಿತ್ಸೆಗೆ ಕೊಡುವ ಲೆವೊಡೋಪಾ ಎಂಬ ಔಷಧದ ಮಾತ್ರೆ ಹಿಡಿದಿರುವ ಹೊತ್ತಿನಲ್ಲಿ ಸಲೀಸಾಗಿ ಓಡಾಡುವವರು ಅದರ ಪ್ರಭಾವ ಇಳಿದ ಕೂಡಲೇ ಕುರ್ಚಿಯಿಂದ ಏಳಲಾರದೆ ಕೂರುತ್ತಾರೆ. ಈ ಎರಡು ಸ್ಥಿತಿಗಳನ್ನು ರೋಗಿಗಳೂ ವೈದ್ಯರೂ ‘ಆನ್’, ‘ಆಫ್’ ಎಂದೇ ಕರೆಯುತ್ತಾರೆ. ಊಟದಲ್ಲಿ ಪ್ರೋಟೀನ್ ಹೆಚ್ಚಾದರೆ ಮಾತ್ರೆ ಸರಿಯಾಗಿ ಹಿಡಿಯದೆ ಹೋಗಬಹುದು. ವೈದ್ಯರ ಕೋಣೆಯಲ್ಲಿ ಚೆನ್ನಾಗಿಯೇ ನಡೆದು ತೋರಿಸಿದವರ ಪಾದ ಮನೆಯ ಹೊಸ್ತಿಲ ಬಳಿ ನೆಲಕ್ಕೆ ಅಂಟಿದಂತೆ ನಿಂತುಬಿಡಬಹುದು. ಆಸ್ಪತ್ರೆಯ ಹತ್ತು ನಿಮಿಷದ ಭೇಟಿಗೆ ಇವುಗಳಲ್ಲಿ ಬಹುಪಾಲು ಕಾಣಿಸುವುದೇ ಇಲ್ಲ.

ಸ್ವೀಡನ್ನಿನ ಸಾರಾ ರಿಗ್ಗಾರೆ ಸ್ವತಃ ಪಾರ್ಕಿನ್ಸನ್ ಇರುವ ಸಂಶೋಧಕಿ. ನರರೋಗ ತಜ್ಞರ ಮುಂದೆ ತಾನು ಕೂರುವುದು ವರ್ಷಕ್ಕೆ ಒಂದು ಗಂಟೆ, ಉಳಿದ 8,765 ಗಂಟೆ ಕಾಯಿಲೆಯನ್ನು ನಿಭಾಯಿಸುವುದು ತಾನೇ ಎಂದು ಅವರು ಒಂದು ಚಿತ್ರದ ಮೂಲಕ ತೋರಿಸಿಕೊಟ್ಟರು. ಆ ಗಂಟೆಗಳಲ್ಲಿ ಏನಾಯಿತು ಎಂಬುದು ರೋಗಿಗೂ ಮನೆಯವರಿಗೂ ಮಾತ್ರ ಗೊತ್ತು. ಅವರು ಹೇಳದಿದ್ದರೆ ಅಥವಾ ದಾಖಲಿಸಿ ಕೊಡದಿದ್ದರೆ ವಿಜ್ಞಾನಕ್ಕೆ ಅದು ಸಿಗುವ ಬೇರೆ ದಾರಿ ಇಲ್ಲ. ಈ ಕಾಯಿಲೆಯ ಸಂಶೋಧನೆಯಲ್ಲಿ ರೋಗಿಯ ಮಾತಿಗೆ ಇಷ್ಟು ತೂಕ ಬಂದಿರುವುದಕ್ಕೆ ಮೂಲ ಕಾರಣ ಇದು.

ಇತಿಹಾಸ

ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ನಡುಕದ ಕಾಯಿಲೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಬರುವ ರೋಗಿಗಳು ಆರೇ ಮಂದಿ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು. ಪಾರ್ಕಿನ್ಸನ್ ಅವರನ್ನು ಮಾತಾಡಿಸಿ ವಿವರ ಕೇಳಿಕೊಂಡರು. ಇನ್ನೊಬ್ಬರನ್ನು ದೂರದಿಂದ ನೋಡಿದ್ದಷ್ಟೇ. ಹಾಗಿದ್ದೂ ಅವರು ಕೊಟ್ಟ ವರ್ಣನೆ ಇಂದಿಗೂ ನಿಲ್ಲುತ್ತದೆ. ಅವರ ಜನ್ಮದಿನವಾದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ.

ಮುಂದಿನ ಒಂದೂವರೆ ಶತಮಾನ ರೋಗಿಗಳು ಜ್ಞಾನದ ಮೂಲವಾಗಿದ್ದರು, ಆದರೆ ಅವರ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. 1912ರಲ್ಲಿ ಫ್ರೆಡರಿಕ್ ಲೇವಿ ಮೃತ ರೋಗಿಗಳ ಮಿದುಳಿನ ಕೋಶಗಳಲ್ಲಿ ಅಸಹಜ ಗಂಟುಗಳನ್ನು ಕಂಡರು. 1960ರಲ್ಲಿ ವಿಯೆನ್ನಾದ ಹರ್ಬರ್ಟ್ ಎಹ್ರಿಂಗರ್ ಮತ್ತು ಓಲೆ ಹಾರ್ನಿಕೀವಿಚ್ ಇಂಥ ಮಿದುಳುಗಳಲ್ಲಿ ಡೋಪಮಿನ್ ಕೊರತೆ ಇರುವುದನ್ನು ತೋರಿಸಿದರು. 1967ರಲ್ಲಿ ಜಾರ್ಜ್ ಕೊಟ್ಸಿಯಾಸ್ ಲೆವೊಡೋಪಾವನ್ನು ಬಾಯಿಯ ಮೂಲಕ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಅದು ಫಲ ಕೊಡುತ್ತದೆಂದು ವರದಿ ಮಾಡಿದರು.

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಇದ್ದಕ್ಕಿದ್ದಂತೆ ಮರದ ಕೊರಡಿನಂತೆ ಸೆಟೆದು ಆಸ್ಪತ್ರೆ ಸೇರಿದರು. ಅವರು ಅಕ್ರಮವಾಗಿ ತಯಾರಾದ ಮಾದಕವಸ್ತುವನ್ನು ಚುಚ್ಚಿಕೊಂಡಿದ್ದರು. ಅದರಲ್ಲಿದ್ದ ಎಂಪಿಟಿಪಿ ಎಂಬ ಕಲ್ಮಶ ಡೋಪಮಿನ್ ಕೋಶಗಳನ್ನು ಕೊಂದಿತ್ತು ಎಂದು ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಪತ್ತೆಹಚ್ಚಿದರು. ಪ್ರಾಣಿಗಳಲ್ಲಿ ಈ ಕಾಯಿಲೆಯನ್ನು ಅಧ್ಯಯನ ಮಾಡುವ ಒಂದು ದೊಡ್ಡ ದಾರಿ ಆ ದುರದೃಷ್ಟವಂತರ ದೇಹಗಳಿಂದ ತೆರೆಯಿತು.

ವಂಶವಾಹಿಯ ಪಾತ್ರ ಗೊತ್ತಾದದ್ದು ಒಂದು ಕುಟುಂಬದ ಸಹಕಾರದಿಂದ. ಇಟಲಿಯ ಸಲೆರ್ನೋ ಪ್ರಾಂತ್ಯದಲ್ಲಿ ಕಾಂಟೂರ್ಸಿ ಎಂಬ ಊರಿದೆ. ಅಲ್ಲಿಯ ಒಂದು ಮನೆತನದ ಅನೇಕ ತಲೆಮಾರುಗಳಲ್ಲಿ ಪಾರ್ಕಿನ್ಸನ್ ಹರಿದುಬಂದಿತ್ತು. ಕೆಲವರು ಊರಿನಲ್ಲೇ ಉಳಿದಿದ್ದರು, ಕೆಲವರು ಅಮೆರಿಕಕ್ಕೆ ವಲಸೆ ಹೋಗಿದ್ದರು. ಎರಡೂ ಕಡೆಯ ಬಂಧುಗಳು ವಂಶವೃಕ್ಷದ ವಿವರವನ್ನೂ ರಕ್ತವನ್ನೂ ಕೊಟ್ಟರು. ಅದರ ಫಲವಾಗಿ 1997ರಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಪತ್ತೆಯಾಯಿತು. ಲೇವಿ ಕಂಡಿದ್ದ ಗಂಟುಗಳು ಅದೇ ಪ್ರೋಟೀನಿನಿಂದ ಆದವು ಎಂಬುದೂ ಅದೇ ವರ್ಷ ತಿಳಿಯಿತು. ಇಂದಿನ ಪಾರ್ಕಿನ್ಸನ್ ವಿಜ್ಞಾನದ ಬಹುಭಾಗ ಆ ಒಂದು ಪ್ರೋಟೀನಿನ ಸುತ್ತ ನಡೆಯುತ್ತಿದೆ.

ಇದೇ ಹೊತ್ತಿಗೆ ರೋಗಿಗಳು ಸಂಘಟಿತರಾಗತೊಡಗಿದರು. ಅಮೆರಿಕದಲ್ಲಿ ಸ್ವತಃ ಪಾರ್ಕಿನ್ಸನ್ ಇದ್ದ ವಕೀಲೆ ಜೋನ್ ಸ್ಯಾಮುಯೆಲ್ಸನ್ 1991ರಲ್ಲಿ ಪಾರ್ಕಿನ್ಸನ್ಸ್ ಆಕ್ಷನ್ ನೆಟ್‌ವರ್ಕ್ ಕಟ್ಟಿದರು. 1997ರಲ್ಲಿ, ಸಂಸದರಾಗಿದ್ದ ಮಾರಿಸ್ ಯೂಡಾಲ್ ಹೆಸರಿನ ಪಾರ್ಕಿನ್ಸನ್ ಸಂಶೋಧನಾ ಕಾಯ್ದೆ ಬರಲು ಇಂಥ ಒತ್ತಾಯ ಕಾರಣವಾಯಿತು. ನಟ ಮೈಕೆಲ್ ಜೆ. ಫಾಕ್ಸ್‌ಗೆ 1991ರಲ್ಲಿ ಕಾಯಿಲೆ ಪತ್ತೆಯಾಗಿತ್ತು; ಅವರು ಅದನ್ನು 1998ರಲ್ಲಿ ಬಹಿರಂಗಪಡಿಸಿ 2000ದಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನ ಸ್ಥಾಪಿಸಿದರು. ಬ್ರಿಟನ್ನಿನಲ್ಲಿ ಟಾಮ್ ಐಸಾಕ್ಸ್ ಮುಂತಾದ ರೋಗಿಗಳು 2005ರಲ್ಲಿ ಕ್ಯೂರ್ ಪಾರ್ಕಿನ್ಸನ್ಸ್ ಟ್ರಸ್ಟ್ ಆರಂಭಿಸಿದರು. 2006ರಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ವಿಶ್ವ ಪಾರ್ಕಿನ್ಸನ್ ಸಮ್ಮೇಳನ ನಡೆಯಿತು. ಅದರಲ್ಲಿ ವಿಜ್ಞಾನಿಗಳೂ ರೋಗಿಗಳೂ ಒಂದೇ ಸಭಾಂಗಣದಲ್ಲಿ ಕುಳಿತು ಚರ್ಚಿಸಿದರು.

ಸಹಭಾಗಿತ್ವದ ಬಗೆಗಳು

ಪ್ರಯೋಗವೊಂದರಲ್ಲಿ ಔಷಧ ತೆಗೆದುಕೊಂಡು ಅಳತೆಗೆ ಒಳಪಡುವುದು ಭಾಗವಹಿಸುವಿಕೆ. ಪ್ರಯೋಗ ಹೇಗಿರಬೇಕೆಂದು ತೀರ್ಮಾನಿಸುವವರ ಜೊತೆ ಕೂರುವುದು ಸಹಭಾಗಿತ್ವ. ಬ್ರಿಟನ್ನಿನಲ್ಲಿ 1996ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಇನ್ವಾಲ್ವ್ ಸಂಸ್ಥೆ ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿತು. ಸಂಶೋಧನೆ ಜನರ ಮೇಲೆ ಅಥವಾ ಜನರಿಗಾಗಿ ನಡೆದರೆ ಸಾಲದು. ಜನರ ಜೊತೆಗೂ ಜನರಿಂದಲೂ ನಡೆಯಬೇಕು ಎಂಬುದು ಅದರ ನಿಲುವಾಗಿತ್ತು.

ಪ್ರಶ್ನೆಗಳನ್ನು ಆರಿಸುವಲ್ಲಿ ರೋಗಿಗಳು ಪಾಲ್ಗೊಂಡಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲೇ ಉದಾಹರಣೆ ಇದೆ. ಜೇಮ್ಸ್ ಲಿಂಡ್ ಅಲಯನ್ಸ್ ಮತ್ತು ಪಾರ್ಕಿನ್ಸನ್ಸ್ ಯುಕೆ ಸಂಸ್ಥೆಗಳು ರೋಗಿಗಳು, ಆರೈಕೆ ಮಾಡುವವರು ಮತ್ತು ವೈದ್ಯರನ್ನು ಒಟ್ಟಿಗೆ ಕೇಳಿ, ಮೊದಲು ಉತ್ತರ ಸಿಗಬೇಕಾದ ಹತ್ತು ಪ್ರಶ್ನೆಗಳ ಪಟ್ಟಿ ಮಾಡಿ 2014ರಲ್ಲಿ ಪ್ರಕಟಿಸಿದವು. ಪಟ್ಟಿಯ ಮೊದಲ ಸ್ಥಾನದಲ್ಲಿ ನಡುಕ ಇರಲಿಲ್ಲ. ಸಮತೋಲನ ತಪ್ಪಿ ಬೀಳುವುದನ್ನು ತಡೆಯುವುದು ಹೇಗೆ ಎಂಬುದಿತ್ತು. ನಂತರದ ಸ್ಥಾನಗಳಲ್ಲಿ ಒತ್ತಡ ಮತ್ತು ಆತಂಕ, ಅನೈಚ್ಛಿಕ ಚಲನೆ, ಮರೆವು, ನಿದ್ದೆ, ಮೂತ್ರದ ತೊಂದರೆ ಮೊದಲಾದವು ಬಂದವು. ಹೊರಗಿನವರ ಕಣ್ಣಿಗೆ ಮೊದಲು ಬೀಳುವುದು ನಡುಗುವ ಕೈ. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಅನುಭವಿಸುವವರಿಗಷ್ಟೇ ಗೊತ್ತಿರುತ್ತದೆ.

ಅಧ್ಯಯನದ ರೂಪರೇಷೆಯಲ್ಲೂ ರೋಗಿಗಳ ಸಲಹೆ ಮುಖ್ಯ. ಅನೇಕ ಪ್ರಯೋಗಗಳಲ್ಲಿ ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಗ್ಗೆ ‘ಆಫ್’ ಸ್ಥಿತಿಯಲ್ಲಿ ಬಂದು ಪರೀಕ್ಷೆಗೆ ಒಳಗಾಗಬೇಕಾಗುತ್ತದೆ. ಆ ಸ್ಥಿತಿಯಲ್ಲಿ ವಾಹನ ಹತ್ತಿ ದೂರದ ಕೇಂದ್ರಕ್ಕೆ ಬರುವುದು ಎಷ್ಟು ಕಷ್ಟ, ಜೊತೆಗೆ ಬರುವವರಿಗೆ ರಜೆ ಎಲ್ಲಿ ಸಿಗುತ್ತದೆ, ಒಂದೇ ದಿನ ಎಷ್ಟು ಪರೀಕ್ಷೆ ತಡೆಯಬಹುದು ಎಂಬುದನ್ನು ಮೊದಲೇ ಕೇಳಿಕೊಂಡ ಅಧ್ಯಯನದಿಂದ ಜನ ಮಧ್ಯದಲ್ಲಿ ಬಿಟ್ಟುಹೋಗುವುದು ಕಡಿಮೆಯಾಗುತ್ತದೆ.

ಇನ್ನೂ ಮುಂದೆ ಹೋದರೆ ರೋಗಿಯೇ ಸಂಶೋಧಕನಾಗುತ್ತಾನೆ. ರಿಗ್ಗಾರೆ ಮಾತ್ರೆಯ ಹೊತ್ತು ಮತ್ತು ತನ್ನ ಬೆರಳುಗಳ ವೇಗವನ್ನು ತಾನೇ ಅಳೆದು ದಾಖಲಿಸಿಕೊಂಡರು. ರೋಗಿಗಳು ನಡೆಸುವ ಇಂಥ ಸ್ವ-ಅಧ್ಯಯನವನ್ನೇ ವಿಷಯವಾಗಿಟ್ಟು 2022ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಮಾಹಿತಿಯ ಬಗೆಗಳು

ವೈದ್ಯರು ಬಹುಕಾಲದಿಂದ ಬಳಸುತ್ತ ಬಂದಿರುವುದು ಅಂಕ ಕೊಡುವ ಮಾಪನಗಳನ್ನು. 1967ರ ಹೋನ್ ಮತ್ತು ಯಾರ್ ಮಾಪನ ಕಾಯಿಲೆಯನ್ನು ಐದು ಹಂತಗಳಾಗಿ ವಿಂಗಡಿಸಿತು. 1987ರಲ್ಲಿ ಬಂದ ಯುಪಿಡಿಆರ್‌ಎಸ್ ಎಂಬ ವಿಸ್ತಾರವಾದ ಮಾಪನ 2008ರಲ್ಲಿ ಪರಿಷ್ಕರಣೆಗೊಂಡಾಗ, ರೋಗಿ ತಾನೇ ಉತ್ತರಿಸಬೇಕಾದ ಪ್ರಶ್ನೆಗಳಿಗೆ ಹೆಚ್ಚಿನ ಜಾಗ ಸಿಕ್ಕಿತು. 1995ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸಿದ್ಧವಾದ ಪಿಡಿಕ್ಯೂ-39 ಎಂಬ 39 ಪ್ರಶ್ನೆಗಳ ಪಟ್ಟಿ ರೋಗಿಗಳ ಜೊತೆಗಿನ ಸಂದರ್ಶನಗಳಿಂದಲೇ ಹುಟ್ಟಿದ್ದು. ಜನರ ಎದುರು ನಾಚಿಕೆಯಾಗುತ್ತದೆಯೇ, ಮನೆಯಲ್ಲೇ ಕಟ್ಟಿಹಾಕಿದಂತೆ ಅನಿಸುತ್ತದೆಯೇ ಎಂಬಂಥ ಸಂಗತಿಗಳನ್ನೂ ಅದು ಕೇಳುತ್ತದೆ.

ಎರಡನೆಯ ಬಗೆ ದಿನಚರಿ. ಯಾವ ಹೊತ್ತಿನಲ್ಲಿ ‘ಆನ್’, ಯಾವಾಗ ‘ಆಫ್’ ಎಂದು ರೋಗಿಗಳು ಅರ್ಧರ್ಧ ಗಂಟೆಗೊಮ್ಮೆ ಗುರುತು ಹಾಕುವ ಪುಸ್ತಕಗಳು ಹೊಸ ಔಷಧಗಳ ಪ್ರಯೋಗದಲ್ಲಿ ಇಂದಿಗೂ ಮುಖ್ಯ ಸಾಕ್ಷ್ಯ. ಮೂರನೆಯದು ಉಪಕರಣಗಳ ಮಾಹಿತಿ. ಮಣಿಕಟ್ಟಿಗೆ ಕಟ್ಟುವ ಸಾಧನ ಚಲನೆಯ ವೇಗ, ನಡುಕ, ನಿದ್ದೆಯನ್ನು ಹಗಲು ರಾತ್ರಿ ದಾಖಲಿಸುತ್ತದೆ. ಫೋನಿನ ಮುಂದೆ ‘ಆ’ ಎಂದು ಎಳೆದು ಹೇಳಿದ ಧ್ವನಿ, ಪರದೆಯ ಮೇಲೆ ಬೆರಳು ಬಡಿದ ಲಯ, ಜೇಬಿನಲ್ಲಿ ಫೋನಿಟ್ಟು ನಡೆದ ಹೆಜ್ಜೆಯ ತೂಗಾಟ ಕೂಡ ಅಳತೆಗೆ ಒದಗುತ್ತವೆ. ನಾಲ್ಕನೆಯದು ರಕ್ತ, ಬೆನ್ನುಹುರಿ ದ್ರವ, ಚರ್ಮದ ಚೂರು ಮೊದಲಾದ ಜೈವಿಕ ಮಾದರಿಗಳು. ಕೊನೆಯದು ಮಿದುಳು ದಾನ. ಜೀವಂತ ರೋಗಿಯ ಮಿದುಳಿನ ಕೋಶಗಳನ್ನು ತೆಗೆದು ನೋಡಲಾಗುವುದಿಲ್ಲವಾದ್ದರಿಂದ ಅದಕ್ಕೆ ಬದಲಿಯೇ ಇಲ್ಲ.

ದೊಡ್ಡ ಅಧ್ಯಯನಗಳು

ಫಾಕ್ಸ್ ಪ್ರತಿಷ್ಠಾನ 2010ರಲ್ಲಿ ಆರಂಭಿಸಿದ ಪಿಪಿಎಂಐ ಅಧ್ಯಯನ ಕಾಯಿಲೆಯ ಗುರುತುಗಳನ್ನು ಹುಡುಕುವ ಉದ್ದೇಶದ್ದು. ಹೊಸದಾಗಿ ಕಾಯಿಲೆ ಪತ್ತೆಯಾದವರನ್ನೂ ಆರೋಗ್ಯವಂತರನ್ನೂ ವರ್ಷಗಟ್ಟಲೆ ಹಿಂಬಾಲಿಸಿ, ಸ್ಕ್ಯಾನ್, ರಕ್ತ, ಬೆನ್ನುಹುರಿ ದ್ರವ ಸಂಗ್ರಹಿಸಿ, ಅರ್ಹ ಸಂಶೋಧಕರಿಗೆಲ್ಲ ಆ ಮಾಹಿತಿಯನ್ನು ಮುಕ್ತವಾಗಿ ಕೊಡುವುದು ಅದರ ಕ್ರಮ. ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳಲು ಮತ್ತೆ ಮತ್ತೆ ಒಪ್ಪಿದ ಈ ಜನರಿಂದಾಗಿ 2023ರಲ್ಲಿ ಮಹತ್ವದ ಫಲಿತಾಂಶ ಬಂತು. 1,123 ಮಂದಿಯ ದ್ರವವನ್ನು ಪರೀಕ್ಷಿಸಿದಾಗ, ತಪ್ಪಾಗಿ ಮಡಿಸಿಕೊಂಡ ಆಲ್ಫಾ ಸಿನ್ಯೂಕ್ಲಿನನ್ನು ಗುರುತಿಸುವ ವಿಧಾನವೊಂದು ಪಾರ್ಕಿನ್ಸನ್ ಇದ್ದವರಲ್ಲಿ ಶೇಕಡಾ 87.7 ಜನರನ್ನು ಸರಿಯಾಗಿ ಪತ್ತೆಮಾಡಿತು. ನಡುಕ ಶುರುವಾಗುವ ಮೊದಲೇ ಕಾಯಿಲೆಯ ಸುಳಿವು ಹಿಡಿಯಬಹುದೆಂಬ ಆಸೆಗೆ ಇದರಿಂದ ನೆಲೆ ಸಿಕ್ಕಿತು.

2015ರ ಮಾರ್ಚ್‌ನಲ್ಲಿ ಸೇಜ್ ಬಯೋನೆಟ್‌ವರ್ಕ್ಸ್ ಎಂಬ ಲಾಭರಹಿತ ಸಂಸ್ಥೆ ಎಂಪವರ್ ಎಂಬ ಐಫೋನ್ ಆ್ಯಪ್ ಹೊರತಂದಿತು. ಒಪ್ಪಿಗೆಯ ಪತ್ರವನ್ನೂ ಫೋನಿನಲ್ಲೇ, ಚಿತ್ರಗಳ ಸಮೇತ ಸರಳವಾಗಿ ವಿವರಿಸಲಾಗಿತ್ತು. ಮಾಹಿತಿ ಈ ತಂಡಕ್ಕೆ ಮಾತ್ರವೋ, ಜಗತ್ತಿನ ಎಲ್ಲ ಅರ್ಹ ಸಂಶೋಧಕರಿಗೋ ಎಂದು ಭಾಗವಹಿಸಿದವರೇ ಆರಿಸಬೇಕಿತ್ತು. ಮುಕ್ಕಾಲು ಪಾಲಿಗೂ ಹೆಚ್ಚು ಜನ ಎಲ್ಲರಿಗೂ ಕೊಡಿ ಎಂದರು. ಅದರಂತೆ 2016ರಲ್ಲಿ ಮಾಹಿತಿಯನ್ನು ಹಂಚಲಾಯಿತು. ಗೌರವದಿಂದ ಕೇಳಿದರೆ ಜನ ಧಾರಾಳವಾಗಿ ಕೊಡುತ್ತಾರೆ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಹಾಗೆಯೇ, ಸೇರಿದವರಲ್ಲಿ ಅನೇಕರು ಕೆಲವೇ ದಿನಗಳಲ್ಲಿ ಆ್ಯಪ್ ಬಳಸುವುದನ್ನು ಬಿಟ್ಟರು ಎಂಬುದೂ ಅದೇ ಅಧ್ಯಯನದ ಪಾಠ. 2017ರಲ್ಲಿ ಆರಂಭವಾದ ಫಾಕ್ಸ್ ಇನ್‌ಸೈಟ್ ಎಂಬ ಅಂತರ್ಜಾಲ ಅಧ್ಯಯನಕ್ಕೆ 50,000ಕ್ಕೂ ಹೆಚ್ಚು ಜನ ಸೇರಿ ಮನೆಯಿಂದಲೇ ಪ್ರಶ್ನೆಗಳಿಗೆ ಉತ್ತರಿಸಿದರು.

ನೆದರ್‌ಲ್ಯಾಂಡ್ಸ್‌ನಲ್ಲಿ ನರರೋಗ ತಜ್ಞ ಬಾಸ್ ಬ್ಲೂಮ್ ನೇತೃತ್ವದ ಅಧ್ಯಯನದಲ್ಲಿ ಐನೂರಕ್ಕೂ ಹೆಚ್ಚು ರೋಗಿಗಳು ಎರಡು ವರ್ಷ ಕಾಲ ವಿಶೇಷ ಕೈಗಡಿಯಾರ ಕಟ್ಟಿಕೊಂಡರು. ಗಡಿಯಾರ ಕೊಟ್ಟದ್ದು ವೆರಿಲಿ ಎಂಬ ಖಾಸಗಿ ಕಂಪನಿ. ಹೀಗಾಗಿ ಮಾಹಿತಿಯನ್ನು ಬೀಗಹಾಕಿಡುವ ಗೂಢಲಿಪಿ ವ್ಯವಸ್ಥೆಯನ್ನು ಬಾರ್ಟ್ ಯಾಕೋಬ್ಸ್ ಅವರ ತಂಡ ರಾಡ್‌ಬೌಡ್‌ನಲ್ಲೇ ಸಿದ್ಧಪಡಿಸಿತು. ಒಬ್ಬನೇ ವ್ಯಕ್ತಿಗೆ ಬೇರೆ ಬೇರೆ ಸಂಶೋಧಕರ ಎದುರು ಬೇರೆ ಬೇರೆ ಗುಪ್ತ ಹೆಸರು ಸಿಗುವಂತೆ ಮಾಡಿ, ತುಣುಕುಗಳನ್ನು ಜೋಡಿಸಿ ವ್ಯಕ್ತಿಯನ್ನು ಪತ್ತೆಹಚ್ಚುವುದನ್ನು ಅದು ಕಷ್ಟವಾಗಿಸಿತು.

ಪಾರ್ಕಿನ್ಸನ್‌ಗೆಂದೇ ಸಂಗ್ರಹಿಸದ ಮಾಹಿತಿಯೂ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ಅಧ್ಯಯನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ 2013ರಿಂದ 2016ರ ನಡುವೆ ಒಂದು ವಾರ ಚಲನೆಮಾಪಕ ಕಟ್ಟಿಕೊಂಡಿದ್ದರು. ಅವರಲ್ಲಿ ಮುಂದೆ ಪಾರ್ಕಿನ್ಸನ್ ಬಂದವರ ಚಲನೆ ರೋಗನಿರ್ಣಯಕ್ಕೆ ಏಳು ವರ್ಷ ಮೊದಲೇ ನಿಧಾನವಾಗಿತ್ತು ಎಂದು 2023ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡ ಕಂಡುಕೊಂಡಿತು.

ವಂಶವಾಹಿ ಅಧ್ಯಯನಕ್ಕೆ ಸಂಖ್ಯೆಯೇ ಬಲ. 2019ರ ವಿಶ್ಲೇಷಣೆಯೊಂದು 37,688 ರೋಗಿಗಳ ಮತ್ತು ಸುಮಾರು 14 ಲಕ್ಷ ಇತರರ ಮಾಹಿತಿಯನ್ನು ಒಟ್ಟುಗೂಡಿಸಿ ಕಾಯಿಲೆಯ ಸಾಧ್ಯತೆ ಹೆಚ್ಚಿಸುವ 90 ಅಂಶಗಳನ್ನು ಗುರುತಿಸಿತು. ಆದರೆ ಅವರೆಲ್ಲ ಯುರೋಪ್ ಮೂಲದವರು. ಈ ಕೊರತೆ ತುಂಬಲು ಹುಟ್ಟಿದ ಜಿಪಿ2 ಎಂಬ ಜಾಗತಿಕ ಯೋಜನೆ ನೈಜೀರಿಯಾ ಮೊದಲಾದೆಡೆಯ ತಂಡಗಳೊಂದಿಗೆ ಕೆಲಸ ಮಾಡಿತು. 2023ರಲ್ಲಿ ಜಿಬಿಎ1 ವಂಶವಾಹಿಯಲ್ಲಿ ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿರುವ, ಯುರೋಪಿನವರಲ್ಲಿ ಬಹುತೇಕ ಕಾಣದ ಒಂದು ವ್ಯತ್ಯಾಸ ಬೆಳಕಿಗೆ ಬಂತು. ಆಫ್ರಿಕಾದ ರೋಗಿಗಳನ್ನು ಕೇಳದಿದ್ದರೆ ಅದು ಕತ್ತಲಲ್ಲೇ ಉಳಿಯುತ್ತಿತ್ತು.

ಒಬ್ಬ ಹೆಂಡತಿಯ ಮೂಗು

ಮನೆಯವರ ಅನುಭವ ವಿಜ್ಞಾನಕ್ಕೆ ಹೊಸ ದಾರಿ ತೋರಿಸಿದ್ದಕ್ಕೆ ಸ್ಕಾಟ್ಲೆಂಡಿನ ಪರ್ತ್ ಊರಿನ ಜಾಯ್ ಮಿಲ್ನ್ ಪ್ರಸಿದ್ಧ ಉದಾಹರಣೆ. ಗಂಡನಿಗೆ ಪಾರ್ಕಿನ್ಸನ್ ಪತ್ತೆಯಾಗುವುದಕ್ಕೆ ವರ್ಷಗಳ ಮೊದಲೇ ಅವರ ಮೈವಾಸನೆ ಬದಲಾದದ್ದು ನರ್ಸ್ ಆಗಿದ್ದ ಮಿಲ್ನ್‌ಗೆ ಗೊತ್ತಾಗಿತ್ತು. ಮುಂದೆ ರೋಗಿಗಳ ಸಭೆಯೊಂದರಲ್ಲಿ ಅದೇ ವಾಸನೆ ಹಲವರಿಂದ ಬಂದಾಗ ಅವರಿಗೆ ಸಂಗತಿ ಹೊಳೆಯಿತು. 2012ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿಜ್ಞಾನಿ ಟಿಲೋ ಕುನಾಥ್ ಅವರ ಉಪನ್ಯಾಸದ ಬಳಿಕ ಎದ್ದು ಈ ಬಗ್ಗೆ ಕೇಳಿದರು.

ಕುನಾಥ್ ಮೊದಲು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ನಂತರ ಪರೀಕ್ಷೆ ಏರ್ಪಡಿಸಿದರು. ಆರು ರೋಗಿಗಳು ಮತ್ತು ಆರು ಆರೋಗ್ಯವಂತರು ತೊಟ್ಟ ಅಂಗಿಗಳನ್ನು ಮೂಸಿ ಬೇರ್ಪಡಿಸುವಂತೆ ಮಿಲ್ನ್‌ಗೆ ಹೇಳಲಾಯಿತು. ಅವರು ಆರೂ ರೋಗಿಗಳನ್ನು ಗುರುತಿಸಿದರು. ಆರೋಗ್ಯವಂತರೆಂದು ಬಂದಿದ್ದ ಒಬ್ಬರ ಅಂಗಿಯಲ್ಲೂ ಆ ವಾಸನೆ ಇದೆ ಎಂದು ಹಟ ಹಿಡಿದರು. ಎಂಟು ತಿಂಗಳಲ್ಲಿ ಆ ವ್ಯಕ್ತಿಗೂ ಪಾರ್ಕಿನ್ಸನ್ ಪತ್ತೆಯಾಯಿತು. ಮ್ಯಾಂಚೆಸ್ಟರ್‌ನ ರಸಾಯನ ವಿಜ್ಞಾನಿ ಪರ್ಡಿಟಾ ಬ್ಯಾರನ್ ತಂಡ ಬೆನ್ನಿನ ಚರ್ಮದ ಜಿಡ್ಡಿನಲ್ಲಿ ಆ ವಾಸನೆಯ ರಾಸಾಯನಿಕಗಳನ್ನು ಹುಡುಕಿ 2019ರಲ್ಲಿ ವರದಿ ಪ್ರಕಟಿಸಿತು. ಚರ್ಮವನ್ನು ಹತ್ತಿಕಡ್ಡಿಯಿಂದ ಒರೆಸಿ ಕಾಯಿಲೆ ಗುರುತಿಸುವ ಪರೀಕ್ಷೆಯ ಕೆಲಸ ಆ ಒಂದು ಪ್ರಶ್ನೆಯಿಂದ ಮೊದಲಾಯಿತು.

ನೀತಿಯ ಪ್ರಶ್ನೆಗಳು

ಕೊಡುವವರಿಗೂ ಪಡೆಯುವವರಿಗೂ ನಡುವಿನ ನಂಬಿಕೆ ಈ ಕ್ಷೇತ್ರದಲ್ಲಿ ಹಲವು ಬಾರಿ ಪರೀಕ್ಷೆಗೆ ಒಳಗಾಗಿದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 40 ರೋಗಿಗಳಿದ್ದರು. ಅರ್ಧದಷ್ಟು ಜನರ ಮಿದುಳಿಗೆ ಭ್ರೂಣದ ಕೋಶಗಳನ್ನು ಹಾಕಲಾಯಿತು. ಉಳಿದವರ ತಲೆಬುರುಡೆಯಲ್ಲಿ ರಂಧ್ರ ಕೊರೆದು ಏನೂ ಹಾಕದೆ ಮುಚ್ಚಲಾಯಿತು. ತಮಗೆ ಕೋಶಗಳು ಸಿಕ್ಕಿವೆ ಎಂದು ನಂಬಿದವರು, ನಿಜವಾಗಿ ಸಿಕ್ಕಿರಲಿ ಬಿಡಲಿ, ಬದುಕು ಸುಧಾರಿಸಿದೆ ಎಂದು ಹೇಳಿದರು. ನಂಬಿಕೆಯೊಂದೇ ಪಾರ್ಕಿನ್ಸನ್ ರೋಗಿಯ ಮಿದುಳಿನಲ್ಲಿ ಡೋಪಮಿನ್ ಹರಿಸಬಲ್ಲದು ಎಂಬುದು ಬೇರೊಂದು ಅಧ್ಯಯನದಿಂದಲೂ ತಿಳಿದಿದೆ. ಆದ್ದರಿಂದ ಹೋಲಿಕೆಯ ಗುಂಪು ಬೇಕೇ ಬೇಕು. ಆದರೆ ಹೋಲಿಕೆಗಾಗಿ ತಲೆಗೆ ರಂಧ್ರ ಕೊರೆಸಿಕೊಳ್ಳುವವರ ತ್ಯಾಗವನ್ನು ಸಣ್ಣದೆಂದು ಎಣಿಸಬಾರದು. ಅವರಿಗೆ ಎಲ್ಲ ವಿಷಯವನ್ನೂ ಬಿಡಿಸಿ ಹೇಳಿ ಒಪ್ಪಿಗೆ ಪಡೆಯುವುದು ಸಂಶೋಧಕರ ಮೊದಲ ಕರ್ತವ್ಯ.

ಜಿಡಿಎನ್ಎಫ್ ಎಂಬ ಪ್ರೋಟೀನಿನ ಕಥೆ ಇನ್ನೂ ನೋವಿನದು. ಅದನ್ನು ಕೊಳವೆಯ ಮೂಲಕ ಮಿದುಳಿಗೆ ಹರಿಸುವ ಪ್ರಯೋಗ ನಡೆಸುತ್ತಿದ್ದ ಆಮ್‌ಜೆನ್ ಕಂಪನಿ 2004ರಲ್ಲಿ ಅದನ್ನು ನಿಲ್ಲಿಸಿತು. ಹೋಲಿಕೆಯಲ್ಲಿ ಲಾಭ ಕಂಡಿಲ್ಲ, ಕೋತಿಗಳಲ್ಲಿ ಮಿದುಳಿಗೆ ಹಾನಿ ಕಂಡಿದೆ ಎಂಬುದು ಅದರ ಕಾರಣ. ತಮಗೆ ಗುಣ ಕಂಡಿದೆ ಎಂದು ಹೇಳಿದ ಕೆಲವು ರೋಗಿಗಳು ಔಷಧ ಮುಂದುವರಿಸುವಂತೆ ಕೋರ್ಟಿಗೆ ಹೋದರು. ತೀರ್ಪು ಕಂಪನಿಯ ಪರ ಬಂತು. ಬ್ರಿಸ್ಟಲ್‌ನಲ್ಲಿ ಮತ್ತೆ ನಡೆದ ಪ್ರಯೋಗದ ವರದಿ 2019ರಲ್ಲಿ ಬಂದಾಗಲೂ ಮುಖ್ಯ ಗುರಿ ಈಡೇರಿರಲಿಲ್ಲ. ಪ್ರಯೋಗ ಮುಗಿದ ಮೇಲೆ ಭಾಗವಹಿಸಿದವರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆ ಅಲ್ಲಿಂದ ಜೀವಂತವಾಗಿದೆ.

ಮಾಹಿತಿಯ ಒಡೆತನ ಮೂರನೆಯ ಪ್ರಶ್ನೆ. 23ಆ್ಯಂಡ್‌ಮಿ ಎಂಬ ಖಾಸಗಿ ವಂಶವಾಹಿ ಕಂಪನಿ 2009ರಲ್ಲಿ ಪಾರ್ಕಿನ್ಸನ್ ರೋಗಿಗಳನ್ನು ವಿಶೇಷವಾಗಿ ಸೇರಿಸಿಕೊಳ್ಳತೊಡಗಿತು. ಅವರು ಕೊಟ್ಟ ಎಂಜಲಿನ ಮಾದರಿಗಳಿಂದ 2011ರಲ್ಲೇ ಎರಡು ಹೊಸ ಅಪಾಯದ ತಾಣಗಳು ಪತ್ತೆಯಾದವು. ಅದೇ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಕಳವಾಯಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕಾಯಿಲೆಗೆ ಮದ್ದು ಸಿಗಲಿ ಎಂದು ಕೊಟ್ಟ ವಂಶವಾಹಿಯ ವಿವರ ಹರಾಜಿನ ಆಸ್ತಿಯಾಗಬಹುದೆಂದು ಆಗ ಜನರಿಗೆ ಮನದಟ್ಟಾಯಿತು. ವಂಶವಾಹಿ ಕೊಟ್ಟವರೊಬ್ಬರದೇ ಅಲ್ಲ; ಮಕ್ಕಳ ಮತ್ತು ಒಡಹುಟ್ಟಿದವರ ಗುಟ್ಟೂ ಅದರಲ್ಲಿ ಇರುತ್ತದೆ.

ವೈದ್ಯಕೀಯ ಸಂಶೋಧನೆಯ ನೀತಿಗೆ ಆಧಾರವಾದ 1964ರ ಹೆಲ್ಸಿಂಕಿ ಘೋಷಣೆ 2024ರಲ್ಲಿ ಪರಿಷ್ಕೃತವಾದಾಗ, ಪ್ರಯೋಗಕ್ಕೆ ಒಳಪಡುವವರು ಎಂಬ ಅರ್ಥದ ಹಳೆಯ ಪದದ ಜಾಗದಲ್ಲಿ ಭಾಗವಹಿಸುವವರು ಎಂಬ ಪದ ಬಂತು. ರೋಗಿ ಸಂಘಟನೆಗಳು ಬಹುಕಾಲದಿಂದ ಕೇಳುತ್ತಿದ್ದ ಗೌರವ ಅದು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಪಾರ್ಕಿನ್ಸನ್ ಬಗೆಗಿನ ಜನಸಮುದಾಯದ ಮಾಹಿತಿಯಲ್ಲಿ ಎರಡು ಸಮೀಕ್ಷೆಗಳು ಹೆಸರಾಗಿವೆ. 1988ರಲ್ಲಿ ಪ್ರಕಟವಾದ ಮುಂಬಯಿಯ ಪಾರ್ಸಿ ಸಮುದಾಯದ ಸಮೀಕ್ಷೆಯಲ್ಲಿ ಲಕ್ಷಕ್ಕೆ 328 ಮಂದಿಗೆ ಕಾಯಿಲೆ ಕಂಡಿತು. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್‌ನ ಎಂ. ಗೌರಿದೇವಿ ಅವರ ತಂಡ ಮನೆಮನೆಗೆ ಹೋಗಿ ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಿಸಿದಾಗ ಸಿಕ್ಕಿದ್ದು ಲಕ್ಷಕ್ಕೆ 27. ಪಾರ್ಸಿಗಳಲ್ಲಿ ವಯಸ್ಸಾದವರ ಪ್ರಮಾಣ ಹೆಚ್ಚಿರುವುದು ಈ ಅಂತರಕ್ಕೆ ಒಂದು ಕಾರಣ. ಅಜ್ಜನ ಕೈ ನಡುಗುವುದು ವಯಸ್ಸಿನ ಸಹಜ ಲಕ್ಷಣವೆಂದು ಸುಮ್ಮನಾಗುವ ಮನೆಗಳು ಇನ್ನೂ ಬಹಳ ಇವೆ. ಹೀಗಾಗಿ ಮನೆಬಾಗಿಲಿಗೆ ಹೋಗಿ ಕೇಳುವ ಅಧ್ಯಯನಗಳಿಗೆ ಇಲ್ಲಿ ವಿಶೇಷ ಬೆಲೆ ಇದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳು ಭಂಡಾರ ಇದೆ. ದುಃಖದ ಹೊತ್ತಿನಲ್ಲೂ ಒಪ್ಪಿಗೆ ಕೊಟ್ಟ ಕುಟುಂಬಗಳಿಂದ ಅದು ಬೆಳೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ದೀರ್ಘಕಾಲ ಹಿಂಬಾಲಿಸುವ ಗುರಿಯ ಅಧ್ಯಯನ ನಡೆಸುತ್ತಿದೆ. ಅದರ ಗಮನ ವಯಸ್ಸಾಗುವಿಕೆ ಮತ್ತು ಮರೆವಿನ ಕಾಯಿಲೆಯ ಮೇಲೆ. ಆದರೂ ಹಳ್ಳಿಯ ಜನರ ವಿಶ್ವಾಸ ಗಳಿಸಿ ವರ್ಷಗಟ್ಟಲೆ ಮಾಹಿತಿ ಕೂಡಿಸಲು ಸಾಧ್ಯವೆಂಬುದಕ್ಕೆ ಅದು ಕಣ್ಣೆದುರಿನ ಮಾದರಿ. ಲಕ್ಸಂಬರ್ಗ್, ಜರ್ಮನಿ ಮತ್ತು ಭಾರತದ ಸಂಸ್ಥೆಗಳು ಕೂಡಿ 10,000 ಭಾರತೀಯ ರೋಗಿಗಳ ಹಾಗೂ ಅಷ್ಟೇ ಆರೋಗ್ಯವಂತರ ವಂಶವಾಹಿ ಅಧ್ಯಯನದ ಗುರಿ ಇಟ್ಟುಕೊಂಡಿವೆ. ಮುಂಬಯಿಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳ ಬೆಂಬಲ ಗುಂಪುಗಳನ್ನು ನಡೆಸುತ್ತದೆ.

ಇಲ್ಲಿಯ ಮಾಹಿತಿ ಇಲ್ಲಿಯ ಬದುಕಿಗೆ ತಕ್ಕಂತೆ ಸಂಗ್ರಹವಾಗಬೇಕು. 1987ರ ಯುಪಿಡಿಆರ್‌ಎಸ್‌ನ ಒಂದು ಪ್ರಶ್ನೆ ಆಹಾರ ಕತ್ತರಿಸುವ ಮತ್ತು ಚಾಕು ಚಮಚ ಹಿಡಿಯುವ ಕುರಿತದ್ದು. ಕೈಯಿಂದ ಉಣ್ಣುವವರನ್ನು ಕೇಳಬೇಕಾದ್ದು ಅನ್ನ ಸಾರು ಕಲಸಿ ತುತ್ತು ಮಾಡಿ ಬಾಯಿಗಿಡಲು ಆಗುತ್ತದೆಯೇ, ಮುದ್ದೆ ಮುರಿಯಲು ಆಗುತ್ತದೆಯೇ ಎಂದು. ಪರಿಷ್ಕೃತ ಮಾಪನ ಕೈಯಿಂದ ತಿನ್ನುವುದನ್ನೂ ಸೇರಿಸಿಕೊಂಡಿದೆ. ಅಂಗಿಯ ಗುಂಡಿಯಷ್ಟೇ ಸೀರೆಯ ನೆರಿಗೆ, ಪಂಚೆಯ ಗಂಟೂ ಕೈಬೆರಳಿನ ಪರೀಕ್ಷೆಗಳೇ. ಅಮೆರಿಕದಲ್ಲಿ ರೂಪುಗೊಂಡ 40 ವಾಸನೆಗಳ ಹೆಸರಾಂತ ಪರೀಕ್ಷೆಯಲ್ಲಿ ಕುಂಬಳಕಾಯಿ ಪೈ, ರೂಟ್ ಬಿಯರ್ ಮುಂತಾದವು ಇವೆ. ಅವನ್ನು ಜನ್ಮದಲ್ಲೇ ಮೂಸದ ಹಾಸನದ ರೈತ ತಪ್ಪು ಉತ್ತರ ಕೊಟ್ಟರೆ ಅದು ಕಾಯಿಲೆಯ ಗುರುತಲ್ಲ. ಇಂಗು, ಮಲ್ಲಿಗೆ, ಕಾಫಿಯ ಪರಿಮಳ ಅವನಿಗೆ ತಿಳಿಯುತ್ತದೆಯೇ ಎಂದು ಕೇಳಬೇಕು.

ನಮ್ಮಲ್ಲಿ ಔಷಧದ ಮಾಹಿತಿಯೂ ಭಿನ್ನ. ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇರುವುದನ್ನು ಭಾರತದ ವಿಜ್ಞಾನಿಗಳು 1937ರಲ್ಲೇ ತೋರಿಸಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಅದರ ಬಳಕೆ ಇದೆ. ಮಾತ್ರೆಯ ಜೊತೆಗೆ ಆ ಪುಡಿಯನ್ನೂ ತೆಗೆದುಕೊಳ್ಳುವ ರೋಗಿ ಬೈಗುಳದ ಭಯದಿಂದ ಅದನ್ನು ಹೇಳದಿದ್ದರೆ ಚಿಕಿತ್ಸೆಯ ಲೆಕ್ಕವೂ ಸಂಶೋಧನೆಯ ಲೆಕ್ಕವೂ ತಪ್ಪುತ್ತವೆ. ನಿರ್ಭಯವಾಗಿ ಹೇಳಲು ಅವಕಾಶವಿರುವ ಕಡೆ ಮಾತ್ರ ಮಾಹಿತಿ ನಿಜವಾಗಿರುತ್ತದೆ.

ಕಾನೂನಿನ ಚೌಕಟ್ಟೂ ಬೆಳೆದಿದೆ. 2009ರ ಜೂನ್‌ನಿಂದ ಔಷಧ ಪ್ರಯೋಗಗಳು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗುವುದು ಕಡ್ಡಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳು ಸಮುದಾಯವನ್ನು ಒಳಗೊಳ್ಳುವ ಬಗ್ಗೆ, ಲಾಭದ ಹಂಚಿಕೆಯ ಬಗ್ಗೆ, ಮಾದರಿ ಭಂಡಾರಗಳ ಬಗ್ಗೆ ಮಾರ್ಗ ತೋರಿಸುತ್ತವೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯು ನಿಗದಿತ ಮಾನದಂಡಗಳಂತೆ ನಡೆಯುವ ಸಂಶೋಧನೆಗೆ ವಿನಾಯಿತಿ ಕೊಟ್ಟಿದೆ. ಆ ಮಾಹಿತಿಯಿಂದ ವ್ಯಕ್ತಿಯೊಬ್ಬರ ಬಗ್ಗೆ ನಿರ್ಧಾರ ಕೈಗೊಳ್ಳಬಾರದು ಎಂಬ ಷರತ್ತಿದೆ.

ಕೊರತೆಗಳು ಮತ್ತು ಮುಂದಿನ ಕೆಲಸ

ಈವರೆಗಿನ ಮಾಹಿತಿ ಹೆಚ್ಚಾಗಿ ಓದಿದವರ, ನಗರದವರ, ಫೋನು ಬಳಸಬಲ್ಲವರ, ಯುರೋಪ್ ಮೂಲದವರ ಮಾಹಿತಿ. ಮಾತು ಕ್ಷೀಣಿಸಿದವರು, ಮರೆವು ಬಂದವರು, ಹಾಸಿಗೆ ಹಿಡಿದವರು ಅಧ್ಯಯನದಿಂದ ಹೊರಗುಳಿಯುತ್ತಾರೆ. ಆರೈಕೆಯ ಹೊರೆ ಹೊತ್ತ ಹೆಂಡತಿ, ಸೊಸೆ, ಮಗಳನ್ನು ಕೇಳುವವರೂ ಕಡಿಮೆ. ಸಮಿತಿಗೆ ಒಬ್ಬ ರೋಗಿಯನ್ನು ಹೆಸರಿಗೆ ಸೇರಿಸಿ ಸುಮ್ಮನಾಗುವ ರೂಢಿಯೂ ಇದೆ.

ಪ್ರಯೋಗ ಸೋತಾಗಲೂ ಕೊಟ್ಟವರ ಪಾಲು ದೊಡ್ಡದು. ಮಧುಮೇಹದ ಔಷಧವಾದ ಎಕ್ಸೆನಟೈಡ್ 2017ರಲ್ಲಿ 62 ರೋಗಿಗಳ ಪ್ರಯೋಗದಲ್ಲಿ ಭರವಸೆ ಮೂಡಿಸಿತ್ತು. 194 ಮಂದಿ ಸುಮಾರು ಎರಡು ವರ್ಷ ವಾರಕ್ಕೊಮ್ಮೆ ಸೂಜಿ ಚುಚ್ಚಿಕೊಂಡ ದೊಡ್ಡ ಪ್ರಯೋಗದ ವರದಿ 2025ರಲ್ಲಿ ಬಂದಾಗ ಲಾಭ ಕಾಣಲಿಲ್ಲ. ಫಲಿಸದ ಮದ್ದಿನ ಹಿಂದೆ ಲಕ್ಷಾಂತರ ಜನ ಹೋಗದಂತೆ ತಡೆದದ್ದು ಆ 194 ಮಂದಿ.

ಇಂಥವರಿಗೆ ಸಂಶೋಧಕರು ತೀರಿಸಬೇಕಾದ ಋಣದ ಮೊದಲ ಕಂತು ಸರಳವಾದದ್ದು: ಅವರು ಕೊಟ್ಟ ಮಾಹಿತಿಯಿಂದ ಏನು ಗೊತ್ತಾಯಿತು ಎಂಬುದನ್ನು ಅವರ ಭಾಷೆಯಲ್ಲಿ, ಅವರ ಮನೆಗೆ ತಿಳಿಸುವುದು. ಶ್ರೀನಿವಾಸಪುರದ ಹಿರಿಯರಿಗೂ, ನಿಮ್ಹಾನ್ಸ್‌ನ ಭಂಡಾರಕ್ಕೆ ತಂದೆಯ ಮಿದುಳನ್ನು ಒಪ್ಪಿಸಿದ ಮಕ್ಕಳಿಗೂ ಅದು ಕನ್ನಡದಲ್ಲೇ ತಲುಪಬೇಕು. ಮುಂದಿನ ಅಧ್ಯಯನದ ಪ್ರಶ್ನೆ ಏನಿರಬೇಕೆಂದು ಅವರನ್ನು ಕೇಳಲು ಆಗ ಸಂಶೋಧಕರಿಗೆ ಮುಖ ಇರುತ್ತದೆ.